ದನಿಗೆ ಜಾಗ ಹುಡುಕುವ ಡಬ್ಬದಕ್ಕ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಡಬ್ಬದಿಂದ ಬಿಚ್ಚಿ ತೆಗೆದ ಸ್ಪೀಕರುಗಳು. ಎಲ್ಲವೂ ಬಾಗಿಲಿಗೆ ಮುಖಮಾಡಿ ಬಾಯ್ತೆರೆದುಕೊಂಡು ಕೂತಿವೆ. ಐವತ್ತು ದಾಟಿದ ಒಬ್ಬ ಹೆಂಗಸು ಗಡಿಯಾರಕ್ಕೆ ಹಾಕುವ ಸೆಲ್ಲಿಗೆ ಎರಡು ತುಂಡು ತಂತಿ ಅಂಟಿಸಿಕೊಂಡು, ಒಂದೊಂದೇ ಸ್ಪೀಕರಿನ ಬೆನ್ನಿಗೆ ತಾಗಿಸುತ್ತಾ ಬರುತ್ತಿದ್ದಾರೆ. ತಾಗಿಸಿದಾಗ ಕಪ್ಪು ಕಾಗದದ ಕೋನು ಮೆಲ್ಲಗೆ ಮುಂದಕ್ಕೆ ಉಬ್ಬುತ್ತದೆ. ತೆಗೆದರೆ ಹಿಂದಕ್ಕೆ ಸರಿಯುತ್ತದೆ. ನಿದ್ದೆ ಹೋದವರ ಎದೆ ಏರಿಳಿದ ಹಾಗೆ ಕಾಣುತ್ತದೆ. ನೋಡುತ್ತಾ ನಿಂತರೆ ಕೋಣೆಯಲ್ಲಿ ನಾವಿಬ್ಬರೇ ಇದ್ದೇವೆ ಅನ್ನಿಸುವುದಿಲ್ಲ.

"ಮುಂದಕ್ಕೆ ಬಂದ್ರೆ ಸರಿ, ಒಳಕ್ಕೆ ಹೋದ್ರೆ ಉಲ್ಟಾ" ಎನ್ನುತ್ತಾರೆ ಅವರು, ತಲೆ ಎತ್ತದೆ. "ನೀವು ಆ ಕುರ್ಚೀಲಿ ಕೂತ್ಕೊಳ್ಳಿ. ಕಣ್ಣು ಮುಚ್ಚಿ. ದನಿ ಎಲ್ಲಿಂದ ಬರುತ್ತೋ ಅಲ್ಲಿಗೆ ಬೆರಳು ತೋರಿಸಿ."

ಪತ್ರಿಕೆಗೆ ಬರೆಯಲೆಂದು ಬಂದ ನಾನು ಕೂರುತ್ತೇನೆ, ಕಣ್ಣು ಮುಚ್ಚುತ್ತೇನೆ. ಕ್ಯಾಸೆಟ್ ರೆಕಾರ್ಡರಿನ ಗುಂಡಿ ಒತ್ತಿದ ಸದ್ದು. ಸ್ವಲ್ಪ ಹೊತ್ತು ಬರೀ ಸುಯ್ ಎನ್ನುವ ಉಸಿರು. ಆಮೇಲೆ ಒಬ್ಬ ಹೆಂಗಸಿನ ದನಿ, ಅವಸರವಿಲ್ಲದ, ತಿಳಿಯಾದ ದನಿ, ನನ್ನ ಪಕ್ಕದಲ್ಲೇ ಹೇಳುತ್ತದೆ: "ನಾನೀಗ ನಿಮ್ಮ ಎಡಗಡೆ ಇದ್ದೀನಿ." ಬೆರಳು ತೋರಿಸುತ್ತೇನೆ. "ನಾನೀಗ ನಿಮ್ಮ ಬಲಗಡೆ ಇದ್ದೀನಿ." ತೋರಿಸುತ್ತೇನೆ. "ನಾನೀಗ ನಿಮ್ಮ ಎದುರಿಗೆ ಇದ್ದೀನಿ." ಅದೂ ಆಯಿತು. ತುಸು ಮೌನ. "ನಾನೀಗ ನಿಮ್ಮ ಹಿಂದೆ ಇದ್ದೀನಿ."

ಬೆರಳು ತೋರಿಸುವುದನ್ನು ಮರೆತು ನಾನು ದಡಕ್ಕನೆ ತಿರುಗಿ ನೋಡುತ್ತೇನೆ. ಗೋಡೆಗೆ ಆನಿಸಿಟ್ಟ ಒಂದು ಡಬ್ಬ, ಅಷ್ಟೇ.

"ಎಲ್ಲರೂ ತಿರುಗಿ ನೋಡ್ತಾರೆ" ಎಂದು ನಗುತ್ತಾರೆ. "ತಿರುಗಿದ್ರೆ ಡಬ್ಬ ಪಾಸು."

ಯಾರ ದನಿ ಎಂದು ಕೇಳಿದೆ. ನಾದಿನಿಯದಂತೆ, ಗಂಡನ ತಂಗಿಯದು. ಅವರೂ ಇದೇ ಕೆಲಸ ಮಾಡುತ್ತಾರೆಯೇ ಎಂದು ಕೇಳಿದೆ.

"ಮಾಡ್ತಿದ್ದಾಳಲ್ಲ, ಈಗ ಕೇಳಿದ್ರಲ್ಲ" ಎಂದವರು ಸೆಲ್ಲನ್ನು ಸೆರಗಿಗೆ ಒರೆಸಿಕೊಂಡರು. "ಹೋಗಿಬಿಟ್ಟಳು. ಈ ಭಾನುವಾರಕ್ಕೆ ವರ್ಷ."

ಈ ಓಣಿಯಲ್ಲಿ ನಿಂತು ಅವರ ನಿಜವಾದ ಹೆಸರು ಹೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಡಬ್ಬದಕ್ಕ ಅಂದರೆ ಮಲಗಿದ ನಾಯಿಯೂ ಎದ್ದು ದಾರಿ ತೋರಿಸುತ್ತದೆ. ಸಣ್ಣ ಸಂಬಳದ ಮನೆಗಳಿಗೆ ಹೋಮ್ ಥಿಯೇಟರ್ ಹೊಂದಿಸಿಕೊಡುವುದು ಅವರ ಕೆಲಸ. ದೊಡ್ಡ ಅಂಗಡಿಯ ಗಾಜಿನ ಕೋಣೆಯಲ್ಲಿ ಕೂತು ಒಂದು ಯುದ್ಧದ ದೃಶ್ಯ ನೋಡಿ, ಬೆಲೆ ಕೇಳಿ, 'ಮನೇಲಿ ಕೇಳಿ ಬರ್ತೀವಿ' ಎಂದು ಮುಖ ಉಳಿಸಿಕೊಂಡು ಹೊರಬಂದವರೆಲ್ಲ ಕೊನೆಗೆ ಈ ಮೆಟ್ಟಿಲ ಕೆಳಗೆ ಬರುತ್ತಾರೆ. ಮುಚ್ಚಿದ ಚಿತ್ರಮಂದಿರದ್ದು, ಮನೆ ಬದಲಿಸಿದವರು ಬಿಟ್ಟುಹೋದದ್ದು, ಇಲಿ ಕಡಿದದ್ದು, ಎಲ್ಲ ಬಗೆಯ ಸ್ಪೀಕರನ್ನೂ ಅಕ್ಕ ತರುತ್ತಾರೆ. ಹರಿದ ಕೋನಿಗೆ ಹೊಸ ಕಾಗದ ಕೂರಿಸುತ್ತಾರೆ, ಸುಟ್ಟ ತಂತಿ ಸುರುಳಿ ತೆಗೆದು ಬೇರೆ ಸುತ್ತುತ್ತಾರೆ, ಜೋಡಿಗೆ ಜೋಡಿ ಹೊಂದಿಸಿ, ಅದಕ್ಕೆ ತಕ್ಕ ಆಂಪ್ಲಿಫೈಯರ್ ಕೊಟ್ಟು, ತಾವೇ ಮನೆಗೆ ಹೋಗಿ ಕೂರಿಸಿ ಬರುತ್ತಾರೆ. ದಿನಕ್ಕೆ ಎರಡು ಕೋನು ಮುಗಿದರೆ ಹೆಚ್ಚು. ಅಂಟು ಒಣಗುವವರೆಗೆ ಅದರ ಮುಖ ನೋಡುತ್ತಾ ಕೂರುವುದೇ ಅರ್ಧ ಕೆಲಸ.

ಕೊಳ್ಳುವವರಿಗೆ ಅವರು ಹೇಳುವ ಬುದ್ಧಿಮಾತುಗಳನ್ನು ಕೇಳಿದರೆ ಅಂಗಡಿಯವರು ಓಣಿಗೇ ಬೆಂಕಿ ಇಟ್ಟಾರು. "ಡಬ್ಬದ ಮೇಲೆ ಬರೆದ ವ್ಯಾಟು, ಸಂಬಂಧ ಕುದುರಿಸೋರು ಹೇಳೋ ಸಂಬಳ, ಎರಡರಲ್ಲೂ ಅರ್ಧ ಕಳೆದು ನಂಬಬೇಕು" ಎನ್ನುತ್ತಾರೆ. "ಕೈಲಿ ದುಡ್ಡು ಕಮ್ಮಿ ಇದ್ಯಾ? ಐದು ಕೆಟ್ಟ ಡಬ್ಬ ತಗೋಬೇಡಿ, ಎರಡು ಒಳ್ಳೇದು ತಗೊಳ್ಳಿ. ಆಮೇಲೆ ಮೂರನೇದು ಸೇರಿಸಿ, ಅದು ಟೀವಿ ಕೆಳಗೆ. ಮನುಷ್ಯರ ಮಾತೆಲ್ಲ ಬರೋದು ಅದರಿಂದಲೇ. ಗುಂಡು ಹಾರೋ ಸದ್ದು ಯಾವ ಡಬ್ಬದಲ್ಲಾದ್ರೂ ಚೆನ್ನಾಗಿರುತ್ತೆ ಸ್ವಾಮಿ, ಹೆಂಗಸೊಬ್ಬಳು ಪಿಸುಮಾತಾಡಿದ್ರೆ ಗೊತ್ತಾಗುತ್ತೆ ಡಬ್ಬದ ಯೋಗ್ಯತೆ." ಖಾಲಿ ಡಬ್ಬವನ್ನು ಕಲ್ಲಂಗಡಿ ಹಣ್ಣಿನಂತೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಟೊಳ್ಳು ಸದ್ದು ಬಂದರೆ ಒಳಗೆ ಹಳೆಯ ಕಂಬಳಿಯ ತುಂಡು ತುರುಕುತ್ತಾರೆ. ದೊಡ್ಡ ಡಬ್ಬ ಬೇಕೆಂದು ಹಟ ಹಿಡಿದವರ ಮನೆಯ ಅಗಲ ನೋಡಿ, "ಮಂಚ ಹೊರಗೆ ಹಾಕ್ತೀರಾ, ನೀವು ಹೊರಗೆ ಮಲಗ್ತೀರಾ?" ಎಂದು ಕೇಳುತ್ತಾರೆ.

ಇಷ್ಟೆಲ್ಲ ಮಾಡುವ ಡಬ್ಬದಕ್ಕನಿಗೆ ಎಡಗಿವಿ ಕೇಳಿಸುವುದಿಲ್ಲ.

ಸ್ಪೀಕರ್ ಕಾರ್ಖಾನೆಯಲ್ಲಿ ಕೋನು ಅಂಟಿಸುವ ಕೆಲಸಕ್ಕೆ ಸೇರಿದಾಗ ಅವರಿಗೆ ಮದುವೆಯೂ ಆಗಿರಲಿಲ್ಲ. ಕೈ ಚುರುಕೆಂದು ಪರೀಕ್ಷೆಯ ಮೇಜಿಗೆ ಹಾಕಿದರು. ಒಂದೊಂದು ಸ್ಪೀಕರಿಗೂ ಗೊಗ್ಗರು ದನಿಯಿಂದ ಕೀರಲು ದನಿಯವರೆಗೆ ಏರುವ ಒಂದು ನಾದ ಕೊಡಬೇಕು, ಕಿವಿ ಹತ್ತಿರ ಹಿಡಿದು ಎಲ್ಲಾದರೂ ಕರಕರ ಅನ್ನುತ್ತದೆಯೋ ಕೇಳಬೇಕು. ಬಲಗೈಯಲ್ಲಿ ಪಾಸಾದದ್ದಕ್ಕೆ ಒತ್ತುವ ಸೀಲು, ಎಡಗಡೆ ಸ್ಪೀಕರು. ವರ್ಷಗಟ್ಟಲೆ ಎಡಗಿವಿಗೇ ಬಡಿದೂ ಬಡಿದೂ ಅದು ಮಲಗಿಬಿಟ್ಟಿತು. ಆಮೇಲೆ ಕಾರ್ಖಾನೆಯೂ ಮಲಗಿತು. ಕೈಗೆ ಗೊತ್ತಿದ್ದ ಒಂದೇ ಕೆಲಸ ಮೆಟ್ಟಿಲ ಕೆಳಗೆ ಬಂತು.

"ಒಂದೇ ಕಿವಿ ಇದ್ರೆ ಸದ್ದು ಕೇಳುತ್ತೆ, ಸದ್ದಿನ ಜಾಗ ಗೊತ್ತಾಗಲ್ಲ" ಎಂದು ಅಕ್ಕ ಬಿಡಿಸಿ ಹೇಳುತ್ತಾರೆ. "ನೀವು ಎಲ್ಲಿಂದ ಕರೆದ್ರೂ ನನಗೆ ಒಂದೇ. ಎಲ್ಲೂ ಇಲ್ಲದ ಹಾಗೆ, ಎಲ್ಲ ಕಡೆ ಇದ್ದ ಹಾಗೆ. ಹಿಂದೆ ನಿಂತು ಯಾರಾದ್ರೂ ಕೂಗಿದ್ರೆ ನಾನು ಸುತ್ತ ತಿರುಗಿ ಹುಡುಕಬೇಕು. ಅಂಥೋಳು ಎಡ ಬಲ ಹೊಂದಿಸೋ ಕೆಲಸ ಮಾಡ್ತೀನಿ ಅಂದ್ರೆ ಯಾರು ನಂಬ್ತಾರೆ? ಅದಕ್ಕೇ ಅವಳು ಬಂದಳು."

ಬಂದವಳು ನಾದಿನಿ. ಮದುವೆ ಬೇಡವೆಂದು ಅಣ್ಣ ಅತ್ತಿಗೆಯ ಮನೆಯಲ್ಲೇ ಉಳಿದವಳು. ಆಸ್ಪತ್ರೆಯೊಂದರಲ್ಲಿ ಟೋಕನ್ ಕರೆಯುವ ಕೆಲಸ ಅವಳದು. ಬೆಳಗಿನಿಂದ ಸಂಜೆಯವರೆಗೆ ಗಾಜಿನ ಹಿಂದೆ ಕೂತು, ಕಾದು ಕಾದು ಸುಸ್ತಾದವರನ್ನು ಮೈಕಿನಲ್ಲಿ ಕರೆಯುತ್ತಿದ್ದಳು. ರಜೆಯ ದಿನ ಅತ್ತಿಗೆಯ ಜೊತೆ ಡಬ್ಬ ಹೊತ್ತು ಮನೆಮನೆಗೆ ಹೋಗಿ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತು, ದನಿ ಬಂದ ಕಡೆಗೆ ಬೆರಳು ತೋರಿಸುತ್ತಿದ್ದಳು. ಬೆರಳು ಗೋಡೆಗೆ ಹೋದರೆ ಅಕ್ಕ ಡಬ್ಬ ಸರಿಸುತ್ತಿದ್ದರು, ಸರಿಯಾದ ಕಡೆ ಹೋದರೆ ಮೊಳೆ ಹೊಡೆಯುತ್ತಿದ್ದರು. ಕೆಲಸದ ದಿನಗಳಲ್ಲಿ ತಾನು ಬರಲಾಗದೆಂದು ಒಂದು ಕ್ಯಾಸೆಟ್ಟಿನಲ್ಲಿ ಆ ನಾಲ್ಕು ಮಾತು ತುಂಬಿಕೊಟ್ಟಳು. ನಾನಿಲ್ಲದಾಗ ಮನೆಯವರಿಂದಲೇ ಬೆರಳು ತೋರಿಸಿಕೋ ಅತ್ತಿಗೆ ಎಂದಳು. ಅಂದಿನಿಂದ ಅಕ್ಕನ ಪ್ರತಿ ಸೆಟ್ಟಿನಲ್ಲೂ ಮೊದಲು ಮಾತಾಡುವುದು ಅವಳೇ.

ದನಿ ಎಡ ಎಂದಾಗ ಆಂಪ್ಲಿಫೈಯರಿನ ಗುಂಡಿಯನ್ನು ಅಕ್ಕ ಎಡಕ್ಕೆ ತಿರುಗಿಸುತ್ತಾರೆ, ಬಲ ಎಂದಾಗ ಬಲಕ್ಕೆ. ಸತ್ತವಳು ಹೇಳುತ್ತಾಳೆ, ಬದುಕಿರುವವರ ಕೈ ಹೇಳಿದಂತೆ ನಡೆಯುತ್ತದೆ.

ನಾಲ್ಕು ದಿನದ ಜ್ವರದಲ್ಲಿ ನಾದಿನಿ ಹೋದಳು. ಅದಾದ ಕೆಲವೇ ದಿನಕ್ಕೆ, ಒಪ್ಪಿಕೊಂಡ ಕೆಲಸವೆಂದು, ಅಕ್ಕ ಔಷಧಿ ಅಂಗಡಿಯವರೊಬ್ಬರ ಮನೆಗೆ ಸೆಟ್ಟು ಕೂರಿಸಲು ಹೋದರು. ಅಲ್ಲಿ ಆದದ್ದನ್ನು ಅವರು ಹೇಳುವಾಗ ಕೈಯಲ್ಲಿನ ಕೆಲಸ ನಿಲ್ಲಿಸಿದರು.

"ಮೂರು ಜನ ಇದ್ರು. ಗಂಡ, ಹೆಂಡತಿ, ಅವರ ಅಪ್ಪ. ಕಣ್ಣು ಮುಚ್ಚಿಸಿದೆ, ಟೇಪು ಹಾಕಿದೆ. ಎಡ ಅಂದ್ಲು, ಸರಿ. ಬಲ ಅಂದ್ಲು, ಸರಿ. ಎದುರಿಗೆ ಇದ್ದೀನಿ ಅಂದ್ಲು. ಮೂರು ಬೆರಳೂ ಎದ್ದವು, ಟೀವಿ ಕಡೆ ಹೋಗಲಿಲ್ಲ. ಮೂರೂ ನನ್ನ ಕಡೆ. ನನ್ನ ಕಡೆ ಅಂದ್ರೆ ನನಗಲ್ಲ, ನನ್ನ ಎಡಭುಜದ ಪಕ್ಕಕ್ಕೆ. ಅಲ್ಲಿ ಡಬ್ಬ ಇಲ್ಲ, ಏನೂ ಇಲ್ಲ. ಅವಳು ಯಾವಾಗಲೂ ನಿಲ್ತಿದ್ದ ಜಾಗ. ನನಗೆ ಕೇಳಿಸದ ಕಡೆ ಅಲ್ವಾ, ಅದಕ್ಕೇ ಅವಳು ಅಲ್ಲೇ ನಿಲ್ತಿದ್ಲು."

ಆ ಮನೆಯ ಹಿರಿಯರು ಕಣ್ಣು ಬಿಟ್ಟವರೇ ಎದ್ದು ಒಳಗೆ ಹೋದರಂತೆ. ಅಕ್ಕ ಡಬ್ಬ ಬಿಚ್ಚಿ ಸೆಲ್ಲು ತಾಗಿಸಿ ನೋಡಿದಾಗ ಒಂದು ಕೋನು ಮುಂದಕ್ಕೆ ಬರುವ ಬದಲು ಒಳಕ್ಕೆ ಹೋಯಿತು. ಹೊಸ ಸುರುಳಿ ಕೂರಿಸುವಾಗ ಎರಡು ತುದಿಗಳನ್ನು ಅದಲುಬದಲು ಬೆಸೆದಿದ್ದರು. ಒಂದು ಸ್ಪೀಕರ್ ದನಿಯನ್ನು ಹೊರಕ್ಕೆ ತಳ್ಳುವಾಗ ಇನ್ನೊಂದು ಒಳಕ್ಕೆಳೆದರೆ, ನಡುವಿನ ದನಿಗೆ ನೆಲೆ ತಪ್ಪುತ್ತದೆ. ಅದು ಕೋಣೆಯಲ್ಲಿ ಎಲ್ಲೆಂದರಲ್ಲಿ ಅಲೆಯುತ್ತದೆ. ಸುರುಳಿ ಕೂರಿಸುವವರು ಮಾತ್ರ ಮಾಡಬಲ್ಲ ತಪ್ಪು ಅದು. ಎರಡು ಕಿವಿ ಇದ್ದಿದ್ದರೆ ಮೆಟ್ಟಿಲ ಕೆಳಗೇ ಗೊತ್ತಾಗುತ್ತಿತ್ತು. ಅಳು ಬರುತ್ತಿದ್ದ ದಿನಗಳು, ಸೆಲ್ಲು ತಾಗಿಸುವುದನ್ನೂ ಮರೆತಿದ್ದರು.

ಹಾಗಾದರೆ ಕಾರಣ ಸಿಕ್ಕಿತಲ್ಲ ಎಂದೆ.

"ದನಿ ಯಾಕೆ ಜಾಗ ಬಿಟ್ಟು ಹೋಯ್ತು ಅನ್ನೋದಕ್ಕೆ ಕಾರಣ ಸಿಕ್ತು" ಎಂದರು ಅಕ್ಕ. "ಹಾಗೆ ಅಲೆಯೋ ದನಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಕೇಳಬೇಕು. ಮೂವರ ಬೆರಳೂ ಒಂದೇ ಕಡೆ ಯಾಕೆ ಬಂತು? ಅದನ್ನ ಬೆಸೆಯೋಕೆ ನನ್ನ ಹತ್ರ ತಂತಿ ಇಲ್ಲ."

ಊರ ಬಾಯಿಗೆ ಮುಚ್ಚಳ ಉಂಟೇ? ಡಬ್ಬದಕ್ಕನ ಸೆಟ್ಟಿನ ಜೊತೆ ಸತ್ತವಳು ಪುಕ್ಕಟೆ ಬರುತ್ತಾಳಂತೆ ಎಂದು ಒಬ್ಬರು ನಗೆಯಾಡಿದರು, ಇನ್ನೊಬ್ಬರು ನಗದೆ ಹೇಳಿದರು. ಆಗಲೇ ಕೂರಿಸಿದ್ದ ಸೆಟ್ಟುಗಳು ಒಂದೆರಡು ವಾಪಸ್ ಬಂದವು. ಮಾತು ಅಕ್ಕನ ಗಂಡನ ಕಿವಿಗೂ ಬಿತ್ತು. ಅವರು ಬಸ್ಸುಗಳಿಗೆ ಬಣ್ಣ ಹೊಡೆಯುವವರು, ಮಾತು ಕಡಿಮೆ. ತಂಗಿ ಹೋದಮೇಲೆ ಮೆಟ್ಟಿಲ ಕೆಳಗಿನ ಕೋಣೆಗೆ ಕಾಲಿಟ್ಟಿರಲಿಲ್ಲ. ಟೇಪು ಹಾಕುವ ಹೊತ್ತಿಗೆ ಬೀದಿ ಕೊನೆಗೆ ಹೋಗಿ ನಿಲ್ಲುತ್ತಿದ್ದರು. ಆವತ್ತು ಬಾಗಿಲಲ್ಲೇ ನಿಂತು ಹೇಳಿದರು: ವರ್ಷ ತುಂಬುವುದರೊಳಗೆ ಆ ದನಿ ಅಳಿಸಿಬಿಡು. ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿಟ್ಟುಕೊಳ್ಳುವುದೂ ಬೇಡ.

ಅವರನ್ನು ನಾನು ಬಸ್ ಡಿಪೋದಲ್ಲಿ ಹಿಡಿದು ಮಾತಾಡಿಸಿದೆ. ಕಲ್ಲು ಮನಸ್ಸಿನವರೆಂದುಕೊಂಡೇ ಹೋಗಿದ್ದೆ. "ಬದುಕಿರೋವರೆಗೂ ಯಾರ್ಯಾರನ್ನೋ ಕರೆದೂ ಕರೆದೂ ಗಂಟಲು ಹರ್ಕೊಂಡಳು" ಎಂದರು, ಬ್ರಷ್ಷಿನ ಬಣ್ಣ ಹಿಂಡುತ್ತಾ. "ರಾತ್ರಿ ಮಾತಾಡೋಕೂ ದನಿ ಉಳೀತಿರಲಿಲ್ಲ ನನ್ನ ತಂಗಿಗೆ. ಸತ್ತಮೇಲೂ ಮನೆಮನೆಗೆ ಹೋಗಿ ಕೂಗಬೇಕಾ? ಜನ ಅವಳನ್ನ ದೆವ್ವ ಅಂತಾರೆ. ನಾನು ಕೇಳ್ಕೊಂಡು ಇರಬೇಕಾ? ಸಾಕು, ಸುಮ್ಮನಿರಲಿ ಅವಳು."

ಅಕ್ಕ ಎದುರಾಡಲಿಲ್ಲ. ಗಂಡ ಹೇಳುವುದರಲ್ಲಿ ತಪ್ಪಿಲ್ಲ ಎನ್ನುತ್ತಾರೆ. "ನನಗೆ ನಾದಿನಿ ಆಗೋಕೆ ಮುಂಚೆ ಅವರಿಗೆ ತಂಗಿ. ಮಾತು ಕೊಟ್ಟಿದ್ದೀನಿ." ಆದರೆ ಆ ದನಿಯಿಲ್ಲದೆ ಕೆಲಸ ಹೇಗೆ ಸಾಗುತ್ತದೋ ಅವರಿಗೇ ಗೊತ್ತಿಲ್ಲ. ದಿಕ್ಕು ತೋರಿಸಲು ಯಾರ ದನಿಯಾದರೂ ಆದೀತು. ಡಬ್ಬ ಸಾಚಾವೋ ಅಲ್ಲವೋ ಎಂದು ತಿಳಿಯಲು ಅಕ್ಕನಿಗೆ ಇದ್ದ ತೂಕದ ಕಲ್ಲು ಅದೊಂದೇ. ಒಂದೇ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೇಳಿದ ದನಿ. ಗೋಡೆಯಾಚೆ ಹೇಗೆ ಕೇಳುತ್ತದೆ, ನೆಗಡಿಯಾದಾಗ ಹೇಗೆ, ಸುಳ್ಳು ಹೇಳುವಾಗ ಹೇಗೆ, ಎಲ್ಲ ಗೊತ್ತು. "ಅವಳ ದನಿ ಅವಳ ಹಾಗೇ ಕೇಳಿದ್ರೆ ಡಬ್ಬ ಸರಿ. ಇಲ್ಲಾಂದ್ರೆ ಬಿಚ್ಚು, ಮತ್ತೆ ಅಂಟಿಸು. ನನಗೆ ಬೇರೆ ಮೀಟರು ಇಲ್ಲ" ಎಂದು ಹೇಳುವಾಗ ಅವರ ಕಣ್ಣು ತುಂಬುತ್ತದೆ. "ಅವಳು ಹೋದ ದಿನ ಅರ್ಧ ಹೋದ್ಲು. ಉಳಿದರ್ಧ ನಾನೇ ಕಳಿಸಬೇಕು."

ಶನಿವಾರ ಮಧ್ಯಾಹ್ನ. ಗಡುವಿಗೆ ಮೊದಲಿನ ಕೊನೆಯ ಮನೆ. ಸಿಲಿಂಡರ್ ಹಂಚುವವರೊಬ್ಬರ ಎರಡು ಕೋಣೆಯ ಮನೆ. ಗಂಡನಿಗೆ ಕಂಬದಂಥ ಎರಡು ಡಬ್ಬ ಬೇಕು, ಎದೆ ನಡುಗಬೇಕು. ಹೆಂಡತಿಗೆ ಮಾತು ಕೇಳಿಸಿದರೆ ಸಾಕು. ಅಕ್ಕ ಮೊದಲು ಪಂಖ ನಿಲ್ಲಿಸಿ, ಕಿಟಕಿ ಮುಚ್ಚಿಸಿ, ಎಲ್ಲರನ್ನೂ ಸುಮ್ಮನಿರಿಸಿ, ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟುತ್ತಾರೆ. ಬಲಗಿವಿ ಮುಂದೆ ಮಾಡಿ ಕೇಳಿಸಿಕೊಳ್ಳುತ್ತಾರೆ. ಹಾಗೆ ಮೌನವಾಗಿ ನಿಂತಾಗ ಯಾರ ಮನೆಯೇ ಆದರೂ ಬೇರೆಯವರ ಮನೆಯಾಗಿಬಿಡುತ್ತದೆ. ನಲ್ಲಿಯ ಒಂದು ತೊಟ್ಟು, ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದದ್ದು, ಪಾತ್ರೆಯೊಂದು ತಾನಾಗಿ ಟಿಣ್ ಎಂದದ್ದು. ಸಿಲಿಂಡರಿನವರ ಹೆಂಡತಿ ಸೆರಗು ಎಳೆದುಕೊಳ್ಳುತ್ತಾರೆ.

"ಗೋಡೆ ಬರೀದಾಗಿದೆ, ದನಿ ಕುಣಿಯುತ್ತೆ. ಆ ಬೆಡ್‌ಶೀಟು ಇಲ್ಲಿ ಪರದೆ ಥರ ಕಟ್ಟಿ" ಎಂದು ತೀರ್ಪು ಬರುತ್ತದೆ. "ಕಂಬ ಬೇಡ. ಸಣ್ಣ ಎರಡು ಡಬ್ಬ, ಟೀವಿ ಕೆಳಗೆ ಒಂದು. ಎದೆ ನಡುಗಿಸೋಕೆ ಹೋದ್ರೆ ಪಕ್ಕದ ಮನೆಯೋರು ನಿಮ್ಮನ್ನ ನಡುಗಿಸ್ತಾರೆ." ಗಂಡ ಗೊಣಗುತ್ತಾರೆ, ಹೆಂಡತಿ ನಗುತ್ತಾರೆ. ಡಬ್ಬ ಕೂರುತ್ತವೆ, ಸೆಲ್ಲು ತಾಗುತ್ತದೆ, ಕೋನುಗಳು ಮುಂದಕ್ಕೇ ಬರುತ್ತವೆ. ಅಕ್ಕ ಎರಡೆರಡು ಸಲ ನೋಡುತ್ತಾರೆ.

ಇಬ್ಬರೂ ಕಣ್ಣು ಮುಚ್ಚುತ್ತಾರೆ. ಎಡಗಡೆ ಇದ್ದೀನಿ. ಬಲಗಡೆ ಇದ್ದೀನಿ. ಎದುರಿಗೆ ಇದ್ದೀನಿ. ಬೆರಳುಗಳು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತವೆ. ಈ ಸೆಟ್ಟಿಗೆ ಹಿಂದಿನ ಡಬ್ಬವಿಲ್ಲ, ಹಾಗಾಗಿ ಅಕ್ಕ ಅಲ್ಲಿಗೇ ಟೇಪು ನಿಲ್ಲಿಸುತ್ತಾರೆ. ಎಲ್ಲ ಸರಿಯಾಗಿದೆ, ಕಣ್ಣು ಬಿಡಿ ಎಂದು ಅವರು ಹೇಳುವ ಮೊದಲೇ ಹೆಂಡತಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ: "ಹೋದ್ರಾ ಅವರು?"

ಅಕ್ಕನ ಕೈ ಗುಂಡಿಯ ಮೇಲೇ ಇರುತ್ತದೆ. "ನಾಳೆ ಹೋಗ್ತಾಳೆ" ಎಂದು ಮೆಲ್ಲಗೆ ಹೇಳಿ ತಂತಿ ಸುತ್ತಿಕೊಳ್ಳುತ್ತಾರೆ.

ಭಾನುವಾರ ಅಕ್ಕನ ಗಂಡ, ಬಸ್ಸಿನ ಬಣ್ಣದವರು, ಕೋಣೆಗೆ ಬರುತ್ತಾರೆ, ವರ್ಷದಲ್ಲಿ ಮೊದಲ ಸಲ. ಮಾತು ಕೊಟ್ಟಂತೆ ಅವರ ಎದುರಿಗೇ ಅಳಿಸಬೇಕೆಂಬುದು ಅಕ್ಕನ ಹಟ. ಅದೇ ಕ್ಯಾಸೆಟ್ಟಿನ ಮೇಲೆ ಅಕ್ಕ ತಮ್ಮ ದನಿಯನ್ನು ತುಂಬಬೇಕು. ಹೊಸದು ತುಂಬುತ್ತಾ ಹೋದಂತೆ ಹಳೆಯದು ಅಳಿಯುತ್ತದೆ. ಮೈಕನ್ನು ಬಾಯಿ ಹತ್ತಿರ ಹಿಡಿದ ಅಕ್ಕ ಹೊಸ ಶಾಲೆಗೆ ಸೇರಿದ ಮಗುವಿನಂತೆ ನಿಲ್ಲುತ್ತಾರೆ. ಕೆಂಪು ಗುಂಡಿ ಒತ್ತುತ್ತಾರೆ. "ನಾನೀಗ ನಿಮ್ಮ ಎಡಗಡೆ ಇದ್ದೀನಿ" ಎನ್ನುವಾಗ ದನಿ ಒಡೆಯುತ್ತದೆ, ಆದರೂ ನಿಲ್ಲಿಸುವುದಿಲ್ಲ. ಬಣ್ಣದವರು ಗೋಡೆ ನೋಡುತ್ತಾ ಇದ್ದಾರೆ. ನಾಲ್ಕೂ ಮಾತು ಮುಗಿದಮೇಲೂ ಚಕ್ರಗಳು ಸುತ್ತುತ್ತಲೇ ಇರುತ್ತವೆ. ಯಾರೂ ಆರಿಸುವುದಿಲ್ಲ. ಟೇಪು ಕೊನೆ ಮುಟ್ಟಿ ತಾನೇ ಟಕ್ಕೆಂದು ನಿಂತಾಗ ಅವರು ಎದ್ದು, ಹೆಂಡತಿಯ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟು, ಹೊರಗೆ ಹೋಗುತ್ತಾರೆ. ಇಷ್ಟು ವರ್ಷ ಜನರನ್ನು ಮಾತಾಡಿಸಿ ಬರೆದಿದ್ದೇನೆ, ಅಷ್ಟು ದುಃಖದ ಕೋಣೆಯಲ್ಲಿ ಕೂತದ್ದು ಕಡಿಮೆ.

ಸೋಮವಾರ ಬೆಳಗಿನ ಜಾವ ನಾನು ಮತ್ತೆ ಅಲ್ಲಿಗೆ ಹೋದದ್ದು ಒಂದು ಫೋಟೊಗಾಗಿ. ಆದರೆ ಕುರ್ಚಿಯಲ್ಲಿ ಬಣ್ಣದವರು ಕೂತಿದ್ದಾರೆ. ಇನ್ನು ಮುಂದೆ ಡಿಪೋಗೆ ಹೋಗುವ ಮೊದಲು ಹೆಂಡತಿಗೆ ಕಿವಿಯಾಗುವುದು ತಮ್ಮ ಪಾಲು ಎಂದು ಒಪ್ಪಿಕೊಂಡಿದ್ದಾರೆ. ಹೊಸ ದನಿಯ ಮೊದಲ ಪರೀಕ್ಷೆ. ಅವರು ಕಣ್ಣು ಮುಚ್ಚುತ್ತಾರೆ. ನಾನು ಬಾಗಿಲಲ್ಲಿ ನಿಲ್ಲುತ್ತೇನೆ.

ಸುಯ್ ಎನ್ನುವ ಉಸಿರು. ಅಕ್ಕನ ಒರಟು ದನಿ: "ನಾನೀಗ ನಿಮ್ಮ ಎಡಗಡೆ ಇದ್ದೀನಿ." ಬಣ್ಣದವರ ಬೆರಳು ಎಡಕ್ಕೆ ಏಳುತ್ತದೆ. ಆ ಮಾತಿನ ಅಡಿಯಿಂದ, ಅರ್ಧ ಉಸಿರಿನಷ್ಟು ತಡವಾಗಿ, ಎಡ ಡಬ್ಬದ ಆಳದಲ್ಲಿ, ಬಹಳ ದೂರದ ಗಾಜಿನ ಹಿಂದಿನಿಂದ ಬಂದಂತೆ ಇನ್ನೊಂದು ದನಿ: ಎಡಗಡೆ ಇದ್ದೀನಿ.

ನನ್ನ ಭ್ರಮೆ ಎಂದುಕೊಂಡೆ. ಗುಂಡಿ ತಿರುಗುತ್ತದೆ, ಅಕ್ಕನ ದನಿ ಬಲಗಡೆ ಇದ್ದೀನಿ ಎನ್ನುತ್ತದೆ. ಬಣ್ಣದವರ ಬೆರಳು ಬಲಕ್ಕೆ ಹೋಗುವುದಿಲ್ಲ. ಎಡಕ್ಕೇ ಇದೆ. ಎದುರಿಗೆ ಇದ್ದೀನಿ ಎಂದಾಗಲೂ ಎಡಕ್ಕೇ. ಮುಚ್ಚಿದ ಕಣ್ಣಿನ ಸಂದಿಯಿಂದ ನೀರು ಇಳಿದು ಬಣ್ಣ ಹತ್ತಿದ ಅಂಗಿಯ ಮೇಲೆ ಬೀಳುತ್ತದೆ. ಮೂರು ಮಾತಿನ ನಂತರ ಅವರು ಕಣ್ಣು ಬಿಡುತ್ತಾರೆ, ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.

"ಸರಿಯಾಗಿದೆ" ಎನ್ನುತ್ತಾರೆ ಹೆಂಡತಿಗೆ. "ನಿನ್ನ ದನಿ ಚೆನ್ನಾಗಿ ಬಂದಿದೆ. ಇನ್ನು ಇದನ್ನ ಮುಟ್ಟಬೇಡ."

ಅವರು ಬೀದಿ ದಾಟುವುದನ್ನು ನಾನು ಬಾಗಿಲಿಂದ ನೋಡುತ್ತೇನೆ. ಟೇಪು ಇನ್ನೂ ಸುತ್ತುತ್ತಿದೆ. ನಾಲ್ಕನೆಯ ಮಾತಾದ ಮೇಲೆ ಅಕ್ಕ ಯಾವಾಗಲೂ ಆರಿಸಿಬಿಡುತ್ತಿದ್ದರು, ಇವತ್ತು ಕೈ ಹಾಗೇ ಇದೆ. ಬರೀ ಉಸಿರು, ಉಸಿರು, ಆಮೇಲೆ ಎಡಗಡೆಯಿಂದ, ಮೊದಲಿನಷ್ಟೇ ಸಣ್ಣಗೆ: "ಅತ್ತಿಗೆ, ಕೇಳಿಸ್ತಾ ಇದ್ಯಾ?"

"ಹೂಂ ಕಣೇ" ಎನ್ನುತ್ತಾರೆ ಅಕ್ಕ, ಅಡುಗೆಮನೆಯಿಂದ ಯಾರೋ ಕರೆದರೆ ಓಗೊಡುವಷ್ಟು ಸಹಜವಾಗಿ. ಈ ಮಾತು ಟೇಪಿನಲ್ಲಿ ಮೊದಲೇ ಇತ್ತೇ ಎಂದು ಕೇಳುತ್ತೇನೆ. ಇದ್ದಿರಬೇಕು, ಅಷ್ಟು ದೂರ ಓಡಿಸಿಯೇ ಇರಲಿಲ್ಲ ಎಂದವರು, ಸ್ವಲ್ಪ ಯೋಚಿಸಿ, ಇದ್ದ ನೆನಪಿಲ್ಲ ಎನ್ನುತ್ತಾರೆ.

ಅಳಿದ ದನಿ ಉಳಿದದ್ದು ಹೇಗೆ ಎಂಬುದನ್ನು ಮಾತ್ರ ರೆಕಾರ್ಡರ್ ಬಿಚ್ಚಿ ತೋರಿಸುತ್ತಾರೆ. ಒಳಗೆ ಕಡಲೆಬೀಜದಷ್ಟು ದೊಡ್ಡ ಒಂದು ಲೋಹದ ತುಂಡು. ಹೊಸ ದನಿ ಬರುವ ಮುಂಚೆ ಹಳೆಯದನ್ನು ಅಳಿಸುವ ಹೆಡ್ಡು, ಅಕ್ಕನ ಮಾತಿನಲ್ಲಿ ತಲೆ. ಒಂದು ಪಕ್ಕಕ್ಕೆ ಸವೆದುಹೋಗಿದೆ. ಸವೆದ ಪಕ್ಕದಲ್ಲಿ ಹಾದ ಟೇಪಿನ ಅಂಚು ಪೂರಾ ಅಳಿಯುವುದಿಲ್ಲ. ಎಡ ಡಬ್ಬಕ್ಕೆ ಹೋಗುವ ದನಿ ಇರುವುದು ಆ ಅಂಚಿನಲ್ಲೇ.

ಇದು ಸವೆದಿರುವುದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಅಕ್ಕ ಅದರ ಮೇಲಿನ ಧೂಳನ್ನು ಊದಿದರು. "ಮರೆತಿದ್ದೆ" ಎಂದರು. ನನ್ನ ಮುಖ ನೋಡಲಿಲ್ಲ.

"ಅವರಿಗೆ ಕೇಳಿಸ್ತು, ನೋಡಿದ್ರಲ್ಲ" ಎಂದು ಮುಂದುವರಿಸಿದರು. "ನನಗೆ ಕೇಳಿಸಲ್ಲ ಅಂದ್ಕೊಂಡಿದ್ದಾರೆ. ಎಡಗಿವಿ ಇಲ್ಲ ಅಂದ್ರೆ ಎಡಗಡೆ ಡಬ್ಬಾನೂ ಕೇಳಿಸಲ್ಲ ಅಂತ ಅವರ ಲೆಕ್ಕ. ಮದುವೆಯಾಗಿ ಇಷ್ಟು ವರ್ಷ ಆದ್ರೂ ಅದೇ ಲೆಕ್ಕ. ಇರಲಿ ಬಿಡಿ. ತಂಗಿ ಅವರೊಬ್ಬರಿಗೇ ಸಿಕ್ಕಿದ್ದಾಳೆ ಅಂತ ಇರಲಿ."

ಹಾಗಾದರೆ ಇದನ್ನು ಪತ್ರಿಕೆಯಲ್ಲಿ ಬರೆಯುವುದು ಬೇಡವಲ್ಲ ಎಂದೆ.

"ಧೈರ್ಯವಾಗಿ ಬರೀರಿ" ಎಂದು ಅಕ್ಕ ಬಾಯ್ತುಂಬ ನಕ್ಕರು. "ಅವರು ಆಟದ ಪುಟ ಬಿಟ್ಟು ಬೇರೆ ತೆಗೆದು ನೋಡಿದ್ದು ನಾನು ಕಂಡಿಲ್ಲ."

ಹೊರಗೆ ಬೆಳಕು ಹರಿದಿದೆ. ಹಲಗೆಯ ಮೇಲಿನ ಕೋನುಗಳು ಸುಮ್ಮನಿವೆ. ಸವೆದ ತಲೆಯ ಮೇಲೆ ಮುಚ್ಚಳ ಕೂರಿಸಿ ತಿರುಪು ಬಿಗಿ ಮಾಡುತ್ತಾ, ಕೇಳದೆಯೇ ಹೇಳುತ್ತಾರೆ:

"ಈ ಕೈಗೆ ಬಂದ ಯಾವುದನ್ನೂ ರಿಪೇರಿ ಮಾಡದೆ ಬಿಟ್ಟಿಲ್ಲ ನಾನು. ಇದೊಂದು ಹೀಗೇ ಕೆಟ್ಟಿರಲಿ. ನಾನಿರೋವರೆಗೂ ಕೆಟ್ಟಿದ್ರೆ ಸಾಕು."